ಗೆಳೆಯನ ಹೆಸರಿನ ರೈಡ್‌ಗೆ ಬರುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, ದೊಡ್ಡಬಳ್ಳಾಪುರ, ಹಿಂದೂಪುರ, ಕೋಲಾರದ ಕಡೆಯಿಂದ ಹೊರಡಲು ಸಿದ್ಧರಾಗಿರುವ ಬೈಕ್ ಗೆಳೆಯರಿಗೆ ಚಿಕ್ಕಬಳ್ಳಾಪುರದಿಂದ ನಮಸ್ಕಾರ.

ನಮ್ಮ ಮೆಕ್ಯಾನಿಕ್ ಗೆಳೆಯನ ಹೆಸರಿನಲ್ಲಿ ಒಂದು ರೈಡ್ ಮಾಡಬೇಕೆಂದು ನೀವೆಲ್ಲ ಸೇರಿ ತೀರ್ಮಾನಿಸಿದ್ದೀರಿ. ಪೋಸ್ಟರ್ ನನ್ನ ಅಂಗಡಿಗೂ ಬಂತು. ಬೆಳಗಿನ ಜಾವ ನಾಲ್ಕಕ್ಕೆ ಹೆಬ್ಬಾಳದಲ್ಲಿ ಸೇರುವುದು, ಅವನ ಫೋಟೋ ಕಟ್ಟಿದ ಗಾಡಿಯನ್ನು ಮುಂದೆ ಬಿಟ್ಟುಕೊಂಡು ನಂದಿ ಬೆಟ್ಟ ಹತ್ತುವುದು, ಸೂರ್ಯ ಹುಟ್ಟುವಾಗ ಮೇಲೆ ಒಂದು ನಿಮಿಷ ಮೌನ. ಆಮೇಲೆ ಇಳಿದು ಬಂದು ಅವನ ಮನೆಯ ಮುಂದೆ ನಿಂತು ಎಲ್ಲರೂ ಒಟ್ಟಿಗೆ ರೇಸ್ ಕೊಟ್ಟು ಸೆಲ್ಯೂಟ್ ಹೊಡೆಯುವುದು. ಟ್ಯಾಂಕಿಗೆ ಅಂಟಿಸಲು ಅವನ ಮುಖದ ಸ್ಟಿಕ್ಕರ್ ಬೇರೆ, ಬೆನ್ನಿಗೆ ಎರಡು ರೆಕ್ಕೆ.

ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಮಣ್ಣಿಗೆ ಬಂದ ದಿನ ನಿಮ್ಮಲ್ಲಿ ಎಷ್ಟೋ ಜನ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಬೀದಿಯ ತುದಿಯಲ್ಲೇ ನಿಂತು ಅತ್ತಿದ್ದನ್ನು ನಾನು ನೋಡಿದ್ದೇನೆ. ಆದರೆ ಪ್ಲಾನ್ ಸರಿಯಿಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ.

ಮನೆಯವರ ಕೋರಿಕೆಯಂತೆ ಇಲ್ಲಿ ಅವನ ಹೆಸರು ಬರೆಯುತ್ತಿಲ್ಲ. ನೀವು ಅವನನ್ನು ಮೇಷ್ಟ್ರು ಎನ್ನುತ್ತಿದ್ದಿರಿ. ಹತ್ತನೇ ಕ್ಲಾಸಿನಲ್ಲಿ ನನ್ನ ಗಣಿತದ ಪೇಪರ್ ನೋಡಿ ಬರೆದವನನ್ನು ಮೇಷ್ಟ್ರು ಎನ್ನಲು ನನಗಂತೂ ಬಾಯಿ ಬರಲಿಲ್ಲ. ಅವನೂ ನಾನೂ ಕಡೆಯವರೆಗೆ ಲೋ, ಬಾರೋ ಎಂದೇ ಇದ್ದೆವು. ಅವನದು ಗ್ಯಾರೇಜು, ನನ್ನದು ಬಿ.ಬಿ. ರಸ್ತೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಒಬ್ಬ ಬಿಚ್ಚಿದ್ದಕ್ಕೆ ಇನ್ನೊಬ್ಬ ಬಿಲ್ ಹಾಕುತ್ತಿದ್ದ.

ಪೋಸ್ಟರಿನ ಒಂದು ಸಾಲನ್ನು ಮೊದಲು ತೆಗೆಸಿ. ‘ರಸ್ತೆಯಲ್ಲೇ ಉಸಿರು ಬಿಟ್ಟ ವೀರ’ ಎಂದು ಹಾಕಿದ್ದೀರಿ. ಅವನು ಸತ್ತದ್ದು ರಸ್ತೆಯಲ್ಲಲ್ಲ. ಮನೆಯಲ್ಲಿ, ಮಂಚದ ಮೇಲೆ, ಹೊಟ್ಟೆಯ ಕ್ಯಾನ್ಸರಿನಿಂದ. ಪಕ್ಕದಲ್ಲಿ ತಾಯಿ ಇದ್ದರು, ಹೆಂಡತಿ, ಅಂದರೆ ನನ್ನ ಬಾಯಲ್ಲಿ ಅತ್ತಿಗೆ, ಇದ್ದರು, ಮಗಳಿದ್ದಳು. ಬೈಕಿನವನು ಹೋದನಂತೆ ಎಂದ ಕೂಡಲೇ ಊರವರು ಕೇಳಿದ್ದು ‘ಯಾವ ರೋಡಲ್ಲಿ? ಲಾರಿನಾ?’ ಎಂದು. ಸಾವಿನ ಮನೆಗೆ ಬಂದ ಒಬ್ಬಿಬ್ಬರು ತಲೆಗೆ ಏಟಾಗಿದೆಯೇ ಎಂದು ಬಗ್ಗಿಯೇ ನೋಡಿದರು. ಹೀಗಾಗುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ಎದ್ದು ಕೂರಲು ಆಗದ ದಿನಗಳಲ್ಲಿ ಒಮ್ಮೆ ನನ್ನ ಕೈ ಹಿಡಿದುಕೊಂಡು ಹೇಳಿದ: ‘ಲೋ, ಮೂವತ್ ವರ್ಷದ ಮೇಲೆ ಗಾಡಿ ಓಡ್ಸಿ ಮಂಚದ ಮೇಲೆ ಸಾಯ್ತಾ ಇದೀನಿ. ಎಲ್ಲಾರ್ಗೂ ಇದನ್ನ ಹೇಳು. ನನ್ ರೆಕಾರ್ಡ್ ಇದೇನೆ.’ ನಗುತ್ತಲೇ ಹೇಳಿದ. ನಿಜಕ್ಕೂ ಹೆಮ್ಮೆಯಿತ್ತು ಆ ಮಾತಿನಲ್ಲಿ. ಆ ಹೆಮ್ಮೆಯನ್ನು ಕಿತ್ತುಕೊಂಡು ಅವನನ್ನು ರಸ್ತೆಯಲ್ಲಿ ಸಾಯಿಸಬೇಡಿ.

ಅವನು ಗ್ಯಾರೇಜು ಹಾಕಿದ್ದು ಒಂದು ಕೆಟ್ಟ ಕಾಲದಲ್ಲಿ. ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಇವನು ಕಲಿತಿದ್ದು ಇವೆರಡೇ ಗಾಡಿ. ನಿಮಗೆ ಯೆಜ್ಡಿ ಎಂದರೆ ಪಾಲಿಶ್ ಹಾಕಿ ಜುಲೈ ತಿಂಗಳ ಜಾವಾ ಯೆಜ್ಡಿ ದಿನಕ್ಕೆ ತೆಗೆಯುವ ಗಾಡಿ. ನಮ್ಮ ಕಡೆ ಹಾಗಿರಲಿಲ್ಲ. ಸೇವಂತಿಗೆ ಮೂಟೆ, ದ್ರಾಕ್ಷಿ ಬುಟ್ಟಿ, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವ ರೇಷ್ಮೆಗೂಡಿನ ಚೀಲ, ಎಲ್ಲವೂ ಅದರ ಮೇಲೇ ಹೋಗಬೇಕು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುವ ಆ ಗಾಡಿ ಕೆಟ್ಟು ನಿಂತರೆ ಒಬ್ಬ ರೈತನ ಅವತ್ತಿನ ಹೂವು ಬಾಡಿಹೋಗುತ್ತಿತ್ತು. ಕಂಪನಿ ಮುಚ್ಚಿದ ಮೇಲೆ ಪಾರ್ಟ್ಸ್ ಎಲ್ಲಿಂದ ತರುವುದು? ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆದು ಹಳೇ ಸ್ಟಾಕ್ ಹೊತ್ತು ತರುತ್ತಿದ್ದೆ. ಸಿಗದಿದ್ದನ್ನು ಅವನು ಲೇತ್ ಅಂಗಡಿಯವನ ಪಕ್ಕದಲ್ಲಿ ಕೂತು ಮಾಡಿಸುತ್ತಿದ್ದ.

ಸ್ಕ್ಯಾನರ್ ಗೀನರ್ ಇಲ್ಲದ ಕಾಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಿದ್ದ. ಕಂದು ಇದ್ದರೆ ಸರಿ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತಿದೆ. ಗಾಡಿಯವನ ಮಾತು ಕೇಳುವ ಮೊದಲು ಪ್ಲಗ್ಗಿನ ಮಾತು ಕೇಳುತ್ತಿದ್ದ. ನಿಮ್ಮಲ್ಲಿ ಒಬ್ಬಳು ಇಂಜಿನಿಯರ್ ಹುಡುಗಿ ಇದ್ದಾಳಲ್ಲ, ಅಜ್ಜನ ಯೆಜ್ಡಿ ತಂದವಳು, ಅವಳಿಗೆ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಕ್ಲೀನ್ ಮಾಡಿ ಗ್ಯಾಪ್ ಇಡುವುದನ್ನು ಕಲಿಸುವವರೆಗೆ ಗಾಡಿ ವಾಪಸ್ ಕೊಡಲಿಲ್ಲ. ‘ರೋಡಲ್ಲಿ ನಿಂತ್ರೆ ನನ್ಗೆ ಫೋನ್ ಮಾಡ್ತೀಯ, ನಾನು ಅಲ್ಲೀಗಂಟ ಬರಬೇಕು. ನೀನೇ ಕಲಿ ತಾಯಿ’ ಎಂದ. ಅವಳು ಈಗ ಇನ್ನೊಬ್ಬರಿಗೆ ಕಲಿಸುತ್ತಾಳಂತೆ. ಸ್ಟಿಕ್ಕರ್‌ಗಿಂತ ಅದು ದೊಡ್ಡದು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಹೆದ್ದಾರಿ ಅಗಲವಾದ ಮೇಲೆ ನೀವು ಬಂದಿರಿ. ಭಾನುವಾರ ಬಂತೆಂದರೆ ಬ್ರೇಕ್‌ಫಾಸ್ಟ್ ರೈಡ್. ಯಾರದೋ ಚೈನ್ ಸಡಿಲ, ಯಾರಿಗೋ ಪಂಚರ್, ಹೀಗೆ ಒಬ್ಬೊಬ್ಬರಾಗಿ ಅವನ ಕೈಗೆ ಸಿಕ್ಕಿದಿರಿ. ಕ್ರಮೇಣ ಅವನೂ ನಿಮ್ಮ ಜೊತೆ ಹೊರಟ. ಒಂದು ವಿಷಯ ನೆನಪಿಸಿಕೊಳ್ಳಿ: ಯಾವ ರೈಡಿನಲ್ಲಾದರೂ ಅವನು ಮುಂದೆ ಹೋಗಿದ್ದು ನೋಡಿದ್ದೀರಾ? ಯಾವಾಗಲೂ ಕೊನೆಯ ಗಾಡಿ. ಟೂಲ್ ಬ್ಯಾಗ್, ಟ್ಯೂಬು, ಕ್ಲಚ್ ಕೇಬಲ್, ಒಂದು ಬಾಟಲಿಯಲ್ಲಿ ಆಯಿಲ್. ಕೆಟ್ಟು ನಿಂತವನ ಪಕ್ಕ ಅವನ ಗಾಡಿ ಬಂದು ನಿಲ್ಲುತ್ತಿತ್ತು. ಮುಂದೆ ಹೋದವರು ತಿಂಡಿ ಮುಗಿಸಿ ಎರಡನೇ ಕಾಫಿ ಕುಡಿಯುವಾಗ ಇವನು ಕರಿ ಕೈ ಒರೆಸಿಕೊಂಡು ಬಂದು ತಣ್ಣಗಾದ ಇಡ್ಲಿ ತಿನ್ನುತ್ತಿದ್ದ. ಅವನ ಫೋಟೋವನ್ನು ಮುಂದಿನ ಗಾಡಿಗೆ ಕಟ್ಟುವುದು ಅವನಿಗೆ ಗೊತ್ತಿಲ್ಲದ ಜಾಗಕ್ಕೆ ಅವನನ್ನು ಕಳಿಸಿದ ಹಾಗೆ. ಕಟ್ಟಲೇಬೇಕೆಂದಿದ್ದರೆ ಕೊನೆಯ ಗಾಡಿಗೆ ಕಟ್ಟಿ.

ಇನ್ನು ನಂದಿ. 1,478 ಮೀಟರ್ ಎತ್ತರದ ಬೆಟ್ಟಕ್ಕೆ ಇರುವುದು ಕಿರಿದಾದ ರಸ್ತೆ. 2021ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ ತಿಂಗಳುಗಟ್ಟಲೆ ಬೆಟ್ಟ ಮುಚ್ಚಿತ್ತು, ನೆನಪಿರಬಹುದು. ಈಗ ಭಾನುವಾರ ಬೆಳಗ್ಗೆ ಕಾರಹಳ್ಳಿ ಕ್ರಾಸಿನ ಕಡೆ ಬಂದು ನೋಡಿ. ಸೂರ್ಯೋದಯ ನೋಡಲು ಬಂದವರು ಮುಂದಿನ ಕಾರಿನ ಕೆಂಪು ಲೈಟ್ ನೋಡಿಕೊಂಡು ನಿಂತಿರುತ್ತಾರೆ. ಅದರ ನಡುವೆ ಇನ್ನೂರು ಬೈಕು ಯಾಕೆ?

ಹತ್ತುವುದಕ್ಕಿಂತ ಇಳಿಯುವುದೇ ಅವನಿಗೆ ದೊಡ್ಡ ಪಾಠವಾಗಿತ್ತು. ಪೆಟ್ರೋಲ್ ಉಳಿಸುತ್ತೇವೆಂದು ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಟ್ಟುಕೊಂಡು ಬೆಟ್ಟ ಇಳಿಯುವ ಹುಡುಗರನ್ನು ಕಂಡರೆ ಬೈಗುಳ ಶುರು. ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಮಾಡಿದರೆ ಎಲ್ಲ ಭಾರ ಬ್ರೇಕಿನ ಮೇಲೆ. ಬ್ರೇಕ್ ಒತ್ತಿ ಒತ್ತಿ ಕಾಯುತ್ತದೆ, ಕಾದ ಬ್ರೇಕು ಕೆಳಗಿನ ತಿರುವಿನಲ್ಲಿ ಹಿಡಿಯುವುದಿಲ್ಲ. ‘ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ’ ಎನ್ನುತ್ತಿದ್ದ. ಟೂ ಸ್ಟ್ರೋಕ್ ಗಾಡಿಯವರಿಗೆ ಇನ್ನೊಂದು ಪಾಠವಿತ್ತು. ಹಳೇ ಯೆಜ್ಡಿಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಬಿಟ್ಟರೆ ಚಕ್ರ ಇಂಜಿನನ್ನು ತಿರುಗಿಸುತ್ತಲೇ ಇರುತ್ತದೆ, ಒಳಗೆ ಮಾತ್ರ ಆಯಿಲ್ ಹೋಗುವುದಿಲ್ಲ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅದಕ್ಕೇ ಆಗಾಗ ಒಂದು ಸಣ್ಣ ರೇಸ್ ಕೊಟ್ಟುಕೊಂಡು ಇಳಿಯುತ್ತಿದ್ದ. ಅವನು ರೇಸ್ ಕೊಟ್ಟಿದ್ದನ್ನು ನಾನು ನೋಡಿರುವುದು ಅಲ್ಲಿ ಮತ್ತು ಗ್ಯಾರೇಜಿನಲ್ಲಿ ಟ್ಯೂನಿಂಗ್ ಮಾಡುವಾಗ. ಬೇರೆ ಎಲ್ಲೂ ಅಲ್ಲ.

ಆದ್ದರಿಂದ ಮನೆ ಮುಂದಿನ ಆ ಸೆಲ್ಯೂಟ್ ಬೇಡವೇ ಬೇಡ. ಆ ಬೀದಿಯಲ್ಲಿ ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಅವನ ತಾಯಿಗೆ ವಯಸ್ಸಾಗಿದೆ. ಮಗ ಹೋದ ಮೇಲೆ ಯಾವ ಗಾಡಿಯ ಸದ್ದು ಕೇಳಿದರೂ ಬಾಗಿಲ ಕಡೆ ನೋಡುತ್ತಾರೆ. ಇನ್ನೂರು ಗಾಡಿ ಒಟ್ಟಿಗೆ ಕಿರುಚಿದರೆ ಆ ಮುದುಕಿ ಏನಾಗಬೇಕು? ನಿಮ್ಮಲ್ಲಿ ಕೆಲವರು ಸೈಲೆನ್ಸರಿನ ಒಳಗಿನ, ಸದ್ದು ತಗ್ಗಿಸುವ ಬ್ಯಾಫಲ್ ತೆಗೆಸಲು ಅವನ ಹತ್ತಿರ ಹೋಗಿದ್ದಿರಿ. ಏನು ಉತ್ತರ ಸಿಕ್ಕಿತು ಎಂದು ನಿಮಗೇ ಗೊತ್ತು, ಇಲ್ಲಿ ಬರೆಯುವ ಹಾಗಿಲ್ಲ.

ನೀವು ಹೊರಡುವ ಹೊತ್ತಿನ ಬಗ್ಗೆಯೂ ಹೇಳಬೇಕು. ಬೆಳಗಿನ ಜಾವ ನಾಲ್ಕರಿಂದ ಆರೂವರೆ ನಿಮಗೆ ಖಾಲಿ ರಸ್ತೆ. ನಮಗೆ ಅದು ವ್ಯಾಪಾರದ ಹೊತ್ತು. ಟಿವಿಎಸ್ ಎಕ್ಸ್‌ಎಲ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟ ಹೆಂಗಸರು, ಹೂವಿನ ಮೂಟೆಯಲ್ಲಿ ಅರ್ಧ ಮುಚ್ಚಿಹೋದ ಬೈಕುಗಳು, ತರಕಾರಿ ತುಂಬಿದ ಟ್ರಾಕ್ಟರ್ ಟ್ರೈಲರ್‌ಗಳು. ಬಹಳ ಗಾಡಿಗಳಿಗೆ ಹಿಂದಿನ ಲೈಟಿಲ್ಲ, ಇದ್ದರೂ ಮೂಟೆ ಅದರ ಮೇಲೆ ಜೋತುಬಿದ್ದಿರುತ್ತದೆ. ನೂರರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 27 ಮೀಟರಿಗಿಂತ ಹೆಚ್ಚು ಓಡುತ್ತದೆ. ಮಂಜಿನಲ್ಲಿ ಎಕ್ಸ್‌ಎಲ್ ಕಾಣುವುದೇ ಅಷ್ಟು ದೂರಕ್ಕೆ. ಕಂಡಾಗ ಬ್ರೇಕ್ ನೆನಪಾಗುವಷ್ಟರಲ್ಲಿ ಮುಗಿದಿರುತ್ತದೆ.

2023ರ ಅಕ್ಟೋಬರ್ 26ರ ಬೆಳಗ್ಗೆ ನಮ್ಮ ಊರಿನ ಹೊರಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಏನಾಯಿತೆಂದು ಇಡೀ ರಾಜ್ಯಕ್ಕೆ ಗೊತ್ತು. ಮಂಜು ಕವಿದ ಹೊತ್ತಿನಲ್ಲಿ, ನಿಂತಿದ್ದ ಟ್ಯಾಂಕರ್ ಲಾರಿಗೆ ಹಿಂದಿನಿಂದ ಸುಮೋ ಗುದ್ದಿ 13 ಜನ ಸತ್ತರು. ಕೂಲಿನಾಲಿ ಮಾಡಿಕೊಂಡಿದ್ದವರು. ಅವತ್ತು ಮಧ್ಯಾಹ್ನ ಅವನು ಊಟ ಮಾಡಲಿಲ್ಲ. ಸಂಜೆ ನನ್ನ ಅಂಗಡಿಗೆ ಬಂದು ‘ರಿಫ್ಲೆಕ್ಟರ್ ಟೇಪ್ ಎಷ್ಟಿದೆ?’ ಎಂದು ಕೇಳಿದ. ಇದ್ದಷ್ಟನ್ನೂ ತಗೊಂಡು ಹೋದ. ಅಲ್ಲಿಂದ ಮುಂದೆ ಅವನ ಗ್ಯಾರೇಜಿಗೆ ಬಂದ ಯಾವ ಗಾಡಿಯೂ ಟೇಪಿಲ್ಲದೆ ಹೋಗಲಿಲ್ಲ. ಹಾಲಿನ ಕ್ಯಾನಿಗೂ ಸುತ್ತಿದ. ಟ್ರೈಲರಿನ ಹಿಂದಿನ ಹಲಗೆಗೆ, ಮೇವು ತರುವ ಸೈಕಲ್ಲಿನ ಮಡ್‌ಗಾರ್ಡಿಗೆ, ಕೆರೆ ಏರಿಯ ಮೇಲೆ ಕುರಿ ಹೊಡೆದುಕೊಂಡು ಹೋಗುವ ಒಬ್ಬ ಅಜ್ಜನ ಕೋಲಿಗೂ ಅಂಟಿಸಿದ್ದ. ಮುಂದಕ್ಕೆ ಬಿಳಿ, ಹಿಂದಕ್ಕೆ ಕೆಂಪು. ನಿಯಮವೂ ಹಾಗೇ ಇದೆ, ಅದನ್ನು ತಪ್ಪಿಸುತ್ತಿರಲಿಲ್ಲ. ಕಾಸು ಕೇಳುತ್ತಿರಲಿಲ್ಲ. ನಾನು ಕೇಳುತ್ತಿದ್ದೆ, ಅವನನ್ನು. ಬರೆದುಕೋ ಎನ್ನುತ್ತಿದ್ದ.

ನನ್ನ ಮಾತು ಇಷ್ಟೇ. ನಂದಿ ಬಿಡಿ, ಈ ಟೇಪಿನ ಕೆಲಸ ಹಿಡಿಯಿರಿ.

ಬೆಳಕು ಹರಿದ ಮೇಲೆ ಬೆಂಗಳೂರು ಬಿಡಿ. ಏಳೂವರೆಗೆ ಇಲ್ಲಿಗೆ ಬಂದರೂ ಯಾರ ಗಂಟೂ ಹೋಗುವುದಿಲ್ಲ. ಪೆರೇಸಂದ್ರಕ್ಕೆ ಹೋಗಿ ಅಲ್ಲಿಂದ ಗುಡಿಬಂಡೆಯ ಕಡೆ ತಿರುಗೋಣ. ಅದು ಅವನಿಗೆ ಇಷ್ಟದ ರಸ್ತೆ. ಬಂಡೆಗುಡ್ಡ, ಕಡಲೆಕಾಯಿ ಹೊಲ, ಹುಣಸೆಮರ, ಕೊನೆಗೆ ಅಮಾನಿ ಬೈರಸಾಗರದ ನೀರು. ಕೋಟೆ ಹತ್ತಿ ನೋಡಿದರೆ ಆ ಕೆರೆ ಭಾರತದ ಭೂಪಟದಂತೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅವನಿಗೆ ಮಾತ್ರ ಅದು ಪೆಟ್ರೋಲ್ ಟ್ಯಾಂಕ್ ಥರ ಕಾಣುತ್ತಿತ್ತು. ದಾರಿಯ ಊರುಗಳ ಕೆಲವು ಡೇರಿ ಕಾರ್ಯದರ್ಶಿಗಳ ಜೊತೆ ನಾನು ಮಾತಾಡಿದ್ದೇನೆ. ಬೆಳಗ್ಗೆ ಹಾಲು ಹಾಕಲು ಬಂದವರು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನೀವು ನಾಲ್ಕು ನಾಲ್ಕು ಜನರ ಗುಂಪಾಗಿ ಒಂದೊಂದು ಊರಿಗೆ ಹೋಗಿ, ಗಾಡಿ ಒರೆಸಿ, ಟೇಪ್ ಅಂಟಿಸಿ. ಧೂಳಿನ ಮೇಲೆ ಅಂಟಿಸಿದರೆ ವಾರಕ್ಕೆ ಕಿತ್ತುಬರುತ್ತದೆ, ಒಣಬಟ್ಟೆ ತನ್ನಿ. ಸ್ಟಿಕ್ಕರ್ ಪ್ರಿಂಟ್ ಮಾಡಿಸುವ ದುಡ್ಡಿಗೆ ಟೇಪ್ ಬರುತ್ತದೆ. ನನ್ನ ಅಂಗಡಿಯಲ್ಲೇ ತಗೊಳ್ಳಿ ಎಂದು ಹೇಳುತ್ತಿಲ್ಲ. ತಗೊಂಡರೆ ಕೊಂಡ ರೇಟಿಗೇ ಕೊಡುತ್ತೇನೆ.

ಇನ್ನೊಂದು ಕೆಲಸವೂ ಅವನದೇ. ಹೆದ್ದಾರಿಯಲ್ಲಿ ಬಿದ್ದವರನ್ನು ಕಂಡರೆ ನಿಲ್ಲುತ್ತಿದ್ದ. ಒಂದು ಕಾಲದಲ್ಲಿ ಅದಕ್ಕೆ ಮನೆಯಲ್ಲಿ ಜಗಳವೂ ಆಗುತ್ತಿತ್ತು. ಸ್ಟೇಷನ್ನು, ಸಾಕ್ಷಿ, ಕೋರ್ಟು ಎಂದು ಅತ್ತಿಗೆಗೆ ಭಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 134ಎ ಎಂಬ ಕಲಂ ಸೇರಿದ ಮೇಲೆ ಅವನಿಗೆ ಬಲ ಬಂತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಕೊಡು ಎಂದು ಒತ್ತಾಯಿಸುವಂತಿಲ್ಲ. ಕರ್ನಾಟಕ ಅದಕ್ಕೂ ಮೊದಲೇ ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು. 2025ರಲ್ಲಿ ಕೇಂದ್ರದ ನಗದುರಹಿತ ಚಿಕಿತ್ಸೆಯ ಯೋಜನೆ ಬಂದಾಗ ಅವನು ಆಗಲೇ ಮಲಗಿಬಿಟ್ಟಿದ್ದ. ಅಪಘಾತವಾದ ದಿನದಿಂದ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕದ ಚಿಕಿತ್ಸೆ ಎಂದು ನಾನು ಪೇಪರ್ ಓದಿ ಹೇಳಿದರೆ, ‘ಗ್ಯಾರೇಜಿನ ಗೋಡೆ ಮೇಲೆ ಬರ್ಸು’ ಎಂದ. ಬರೆಸಿದ್ದೇನೆ. ಕೆಳಗೆ 108, 112, ಹೆದ್ದಾರಿಯ 1033. ಬಿದ್ದವನಿಗೆ ನೀರು ಕುಡಿಸಬೇಡಿ, ಕತ್ತು ಅಲುಗಿಸಬೇಡಿ, ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆಯಬೇಡಿ, ರಕ್ತ ಬರುವ ಕಡೆ ಬಟ್ಟೆ ಒತ್ತಿ ಹಿಡಿಯಿರಿ ಎಂಬುದೂ ಇದೆ. ಇದನ್ನು ಅವನು ಬಾಯಿಪಾಠ ಮಾಡಿಸುತ್ತಿದ್ದ. ಆವತ್ತು ಗುಡಿಬಂಡೆಯಲ್ಲಿ ಊಟಕ್ಕೆ ಮೊದಲು ಯಾರಾದರೂ ಬಲ್ಲವರು ಅರ್ಧ ಗಂಟೆ ಇದನ್ನೇ ಮಾಡಿ ತೋರಿಸಿದರೆ ಒಂದು ನಿಮಿಷದ ಮೌನಕ್ಕಿಂತ ಉಪಯೋಗ.

ಅವನನ್ನು ದೇವರು ಮಾಡುವುದೂ ಬೇಡ. ಮಹಾ ಮುಂಗೋಪಿ. ಹೆಲ್ಪರ್ ಹುಡುಗರನ್ನು ಎಲ್ಲರೆದುರು ಬೈಯುತ್ತಿದ್ದ, ಸಂಜೆ ಅವರಿಗೇ ಪರೋಟ ಕೊಡಿಸುತ್ತಿದ್ದ, ಕ್ಷಮಿಸು ಎಂದು ಮಾತ್ರ ಬಾಯಿಬಿಟ್ಟು ಹೇಳಿದವನಲ್ಲ. ಹೊಸ ಗಾಡಿಗಳ ಮೇಲೆ ಅವನಿಗಿದ್ದ ಸಿಟ್ಟಿಗೆ ಅರ್ಥವಿರಲಿಲ್ಲ. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕು ಬಂದಾಗ ಫೋರ್ ಸ್ಟ್ರೋಕ್ ಇಂಜಿನ್, ರೇಡಿಯೇಟರ್ ನೋಡಿ ಬೆನ್ನು ತಿರುಗಿಸಿ ಹೋದ. ಎಬಿಎಸ್ ಬಗ್ಗೆ ಅವನು ಹೇಳುತ್ತಿದ್ದದ್ದಂತೂ ಶುದ್ಧ ತಪ್ಪು. ‘ಕೈಯಿಗೆ ಬುದ್ಧಿ ಇದ್ದರೆ ಕಂಪ್ಯೂಟರ್ ಯಾಕೆ’ ಎನ್ನುತ್ತಿದ್ದ. ಹೆದರಿದ ಕೈಯಿಗೆ ಬುದ್ಧಿ ಇರುವುದಿಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು ಆ ಕಂಪ್ಯೂಟರ್ರೇ. 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಅದು ಕಡ್ಡಾಯವಾದಾಗ ನಾನು ಗೆದ್ದೆ ಅಂದುಕೊಂಡೆ, ಅವನು ಒಪ್ಪಲಿಲ್ಲ. ಮಗಳಿಗೆ ಸ್ಕೂಟರ್ ಕೊಳ್ಳುವಾಗ ಮಾತ್ರ ಶೋರೂಮಿನಲ್ಲಿ ಮೊದಲು ಕೇಳಿದ್ದು ಬ್ರೇಕಿನ ಬಗ್ಗೆಯೇ.

ಅಪ್ಪನ ಗಾಡಿ ಏನಾಗುತ್ತದೆ ಎಂದು ಹಲವರು ಆ ಮಗಳನ್ನು ಕೇಳುತ್ತಿದ್ದೀರಿ. ಕೆಲವರು ರೇಟನ್ನೂ ಹೇಳಿದ್ದೀರಿ, ಒಬ್ಬರು ಹನ್ನೊಂದನೇ ದಿನಕ್ಕೇ. ಗಾಡಿ ಮಾರಾಟಕ್ಕಿಲ್ಲ. ಅವಳು ಕಲಿಯುತ್ತಿದ್ದಾಳೆ. ಕಿಕ್ ಹೊಡೆಯುವುದು ಬಂದಿದೆ, ಗೇರ್ ಹಾಕುವಾಗ ಲಿವರ್ ಮಡಚುವುದು ಇನ್ನೂ ಒಮ್ಮೊಮ್ಮೆ ಮರೆಯುತ್ತಾಳೆ. ಗುಡಿಬಂಡೆಗೆ ಅವಳು ಬರುತ್ತಾಳೋ ಇಲ್ಲವೋ ಅವಳಿಷ್ಟ. ಬಂದರೆ ಹಿಂದೆ ಬರುತ್ತಾಳೆ, ಸ್ಕೂಟರಿನಲ್ಲಿ. ಫೋಟೋಗೆ ನಿಲ್ಲು ಎಂದು ಪೀಡಿಸಬೇಡಿ.

ಗ್ಯಾರೇಜು ಮುಚ್ಚಿಲ್ಲ. ಹಿರೇ ಹೆಲ್ಪರ್ ಹುಡುಗ ಬಾಗಿಲು ತೆಗೆಯುತ್ತಿದ್ದಾನೆ, ಕೈ ಚೆನ್ನಾಗಿದೆ, ಬೈಯುವುದೂ ಕಲಿತಿದ್ದಾನೆ. ಸರ್ವಿಸ್ ಬಾಕಿ ಇದ್ದರೆ ಅವನಿಗೇ ಕೊಡಿ. ಟೂಲ್ ಪೆಟ್ಟಿಗೆಯ ಕೆಳಗೆ ಗೆಳೆಯನ ಸಾಲದ ಪುಸ್ತಕ ಸಿಕ್ಕಿದೆ. ಮೊದಲ ಪುಟದಲ್ಲಿ ನನಗೆ ಕೊಡಬೇಕಾದ ಟೇಪಿನ ಲೆಕ್ಕವಿತ್ತು, ಅದನ್ನು ಹೊಡೆದುಹಾಕಿದ್ದೇನೆ. ಉಳಿದ ಪುಟಗಳಲ್ಲಿ ನಿಮ್ಮಲ್ಲಿ ಬಹಳ ಜನರ ಹೆಸರಿದೆ. ಹೆಸರು ಗೊತ್ತಿಲ್ಲದ ಕಡೆ ‘ಕರಿ ಬುಲೆಟ್, ಗಡ್ಡ’, ‘ಯಲಹಂಕದ ಬಾಯಿಬಡುಕ’ ಎಂದೆಲ್ಲ ಬರೆದುಕೊಂಡಿದ್ದಾನೆ. ಯಾರು ಯಾರೆಂದು ನನಗೆ ಗೊತ್ತಾಗುತ್ತದೆ. ಪುಸ್ತಕ ಈಗ ಅತ್ತಿಗೆಯ ಹತ್ತಿರವಿದೆ. ಭಾನುವಾರ ಬರುವಾಗ ನೋಡಿಕೊಂಡು ಕೊಟ್ಟುಬಿಡಿ. ನಗದಾದರೂ ಸರಿ, ಫೋನ್‌ಪೇ ಆದರೂ ಸರಿ.

ಇಂತಿ,
ಬಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವನು
ಚಿಕ್ಕಬಳ್ಳಾಪುರ